ಕೊಳವೆ ಬಾಯಿಯಿಂದ ಶುರು ಮಾಡಿ: ತ್ಯಾಜ್ಯ ನೀರಿನ ತಪಾಸಣೆಗೆ ಹೊರಟ ಹೊಸಬರಿಗೆ

ತ್ಯಾಜ್ಯ ನೀರಿನ ಇನ್‌ಸ್ಪೆಕ್ಟರ್ ಆಗಿ ಹೊಸದಾಗಿ ಸೇರಿದವರ ಮೊದಲ ತಪ್ಪು ಗೇಟಿನಲ್ಲೇ ಆಗುತ್ತದೆ. ಗಾಡಿ ಇಳಿದು ನೇರ ಮ್ಯಾನೇಜರ್ ರೂಮಿಗೆ ಹೋಗಿ ಕೂರುತ್ತಾರೆ, ಫೈಲು ತರಿಸುತ್ತಾರೆ, ಫೈಲಿನಲ್ಲಿ ಎಲ್ಲ ಸರಿ ಕಂಡ ಮೇಲೆ ತ್ಯಾಜ್ಯ ನೀರು ಶುದ್ಧ ಮಾಡುವ ಪ್ಲಾಂಟ್ ನೋಡೋಣ ಅಂತ ಏಳುತ್ತಾರೆ. ಅಷ್ಟು ಹೊತ್ತಿಗೆ ನಿಂತಿದ್ದ ಬ್ಲೋವರ್ (ಟ್ಯಾಂಕಿಗೆ ಗಾಳಿ ಊದುವ ಯಂತ್ರ) ಓಡುತ್ತಿರುತ್ತದೆ, ತೆರೆದಿದ್ದ ವಾಲ್ವ್ ಮುಚ್ಚಿರುತ್ತದೆ. ನಾನೂ ಮೊದಲ ವರ್ಷ ಹೀಗೇ ಮಾಡಿದೆ. ಈಗ ಕ್ರಮವನ್ನೇ ತಿರುಗಿಸಿಬಿಟ್ಟಿದ್ದೇನೆ. ನೀರು ಹೊರಗೆ ಬೀಳುವ ಕೊಳವೆ ಬಾಯಿಯಿಂದ ಶುರು ಮಾಡಿ ಹಿಂದಕ್ಕೆ ನಡೆಯುತ್ತಾ ಹೋಗುತ್ತೇನೆ. ಫೈಲು ಕೊನೆಗೆ.

ಹಾಗಂತ ಬರಿಗೈಲಿ ಹೊರಡಬೇಡಿ. ಹಿಂದಿನ ದಿನವೇ ಪರ್ಮಿಟ್, ಅಂದರೆ ನೀರು ಹೊರಗೆ ಬಿಡಲು ಅವರಿಗೆ ಕೊಟ್ಟ ಅನುಮತಿ ಪತ್ರ, ಓದಿಕೊಳ್ಳಿ, ಪೂರ್ತಿ ಓದಿ. ಎಷ್ಟು ಔಟ್‌ಲೆಟ್‌ಗೆ ಅನುಮತಿ ಇದೆ, ಅವು ನಕ್ಷೆಯಲ್ಲಿ ಎಲ್ಲಿವೆ, ಪ್ರತಿಯೊಂದಕ್ಕೂ ಮಿತಿ ಎಷ್ಟು, ಆ ಮಿತಿ ಒಂದು ದಿನದ ಗರಿಷ್ಠವೋ ಇಡೀ ತಿಂಗಳ ಸರಾಸರಿಯೋ, ಸ್ಯಾಂಪಲ್ ಒಂದೇ ಸಲ ತುಂಬಿಕೊಳ್ಳುವುದೋ ಇಲ್ಲ 24 ಗಂಟೆ ಸ್ವಲ್ಪ ಸ್ವಲ್ಪವಾಗಿ ಸೇರಿಸುವುದೋ, ಇದೆಲ್ಲ ಒಂದು ಕಾಗದದ ಮೇಲೆ ನಿಮ್ಮ ಕೈಯಲ್ಲೇ ಬರೆದುಕೊಳ್ಳಿ. ನಕ್ಷೆಯಲ್ಲಿ ಮೂರು ಔಟ್‌ಲೆಟ್ ಇದ್ದು ಸ್ಥಳದಲ್ಲಿ ನಾಲ್ಕು ಕಂಡರೆ ಆ ನಾಲ್ಕನೆಯದೇ ಅವತ್ತಿನ ಮುಖ್ಯ ಕೆಲಸ. ಹಿಂದಿನ ತಪಾಸಣೆಯಲ್ಲಿ ಏನು ಸರಿಮಾಡಲು ಹೇಳಿದ್ದರು ಅಂತಲೂ ನೋಡಿಕೊಳ್ಳಿ.

ಈ ಮಿತಿಗಳ ಹಿಂದಿನ ಒಂದು ಸಂಗತಿ ನನಗೆ ಯಾವಾಗಲೂ ನೆನಪಿರುತ್ತದೆ. 1912ರಲ್ಲಿ ಕೊಳಚೆ ವಿಲೇವಾರಿ ಬಗ್ಗೆ ನೇಮಿಸಿದ್ದ ಬ್ರಿಟನ್ನಿನ ರಾಯಲ್ ಕಮಿಷನ್ ತನ್ನ 8ನೇ ವರದಿಯಲ್ಲಿ ಒಂದು ಅಳತೆ ಕೊಟ್ಟಿತು. ಈಗಿನ ಲೆಕ್ಕದಲ್ಲಿ ಹೇಳುವುದಾದರೆ, ನದಿಗೆ ಬಿಡುವ ಕೊಳಚೆ ನೀರಿನಲ್ಲಿ ಲೀಟರಿಗೆ 30 ಮಿ.ಗ್ರಾಂಗಿಂತ ಜಾಸ್ತಿ ತೇಲಾಡುವ ಕಣ ಇರಬಾರದು, 20 ಮಿ.ಗ್ರಾಂಗಿಂತ ಜಾಸ್ತಿ ಬಿಒಡಿ (ಕೊಳೆ ತಿನ್ನಲು ಬ್ಯಾಕ್ಟೀರಿಯಾಕ್ಕೆ ಬೇಕಾಗುವ ಆಮ್ಲಜನಕ) ಇರಬಾರದು. ಅದು ಕೂಡ ನದಿಯಲ್ಲಿ ಕನಿಷ್ಠ ಎಂಟು ಪಟ್ಟು ಶುದ್ಧ ನೀರು ಬೆರೆಯುತ್ತದೆ ಅನ್ನುವ ಲೆಕ್ಕದ ಮೇಲೆ. ಅಂದರೆ ಸಂಖ್ಯೆ ಹುಟ್ಟಿದ್ದೇ ನದಿಯನ್ನು ನೋಡಿ. ಬೇಸಿಗೆಯಲ್ಲಿ ಹಳ್ಳ ಬತ್ತಿ ಬೆರಳು ಗಾತ್ರ ಹರಿಯುತ್ತಿದ್ದರೆ ಅದೇ 20 ಮಿ.ಗ್ರಾಂ ಅಲ್ಲಿನ ಮೀನಿಗೆ ತುಂಬಾ ಜಾಸ್ತಿ. ಆದ್ದರಿಂದ ನೀರು ಸೇರುವ ಜಾಗವನ್ನು ನೋಡದೆ ಬರೆದ ವರದಿ ಅರ್ಧ ವರದಿ ಅಂತಲೇ ನಾನು ನಂಬಿದ್ದೇನೆ.

ಸರಿ, ಹಳ್ಳದ ದಂಡೆಗೆ ಬಂದಿರಿ. ಕೊಳವೆಯಿಂದ ಮೇಲಕ್ಕೆ ಐವತ್ತು ಹೆಜ್ಜೆ ಹೋಗಿ, ಆಮೇಲೆ ಕೆಳಕ್ಕೆ ಐವತ್ತು ಹೆಜ್ಜೆ ಬನ್ನಿ. ಎರಡು ಕಡೆಯೂ ನೀರಿನೊಳಗಿನ ಒಂದು ಕಲ್ಲು ಎತ್ತಿ ನೋಡಿ. ಮೇಲಿನ ಕಲ್ಲಿಗೆ ತೆಳ್ಳಗೆ ಕಂದು ಪಾಚಿ, ಅಡಿಯಲ್ಲಿ ಒಂದೆರಡು ಹುಳ ಇರುತ್ತವೆ. ಕೆಳಗಿನ ಕಲ್ಲಿನ ಮೇಲೆ ಬೂದು ಬಣ್ಣದ, ಒದ್ದೆ ಹತ್ತಿಯ ಹಾಗೆ ನೀರಿನಲ್ಲಿ ತೂಗಾಡುವ ಲೋಳೆ ಬೆಳೆದಿದ್ದರೆ ಅಲ್ಲೇ ನಿಲ್ಲಿ. ಅದು ಪಾಚಿ ಅಲ್ಲ, ಕೊಳಚೆ ತಿಂದು ಬೆಳೆಯುವ ಬ್ಯಾಕ್ಟೀರಿಯಾ. ಒಂದು ರಾತ್ರಿಯಲ್ಲಿ ಬೆಳೆಯುವಂಥದ್ದಲ್ಲ. ನೀವು ಬರುವ ಸುದ್ದಿ ಕೇಳಿ ಬೆಳಿಗ್ಗೆ ನೀರನ್ನು ತಿಳಿಯಾಗಿ ಬಿಟ್ಟಿರಬಹುದು, ಆದರೆ ಕಲ್ಲಿನ ಮೇಲಿನದ್ದನ್ನು ಯಾರೂ ಉಜ್ಜಿ ತೊಳೆದಿರುವುದಿಲ್ಲ.

ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪದರ ಕಂಡ ತಕ್ಷಣ ಎಣ್ಣೆ ಅಂತ ಬರೆಯಬೇಡಿ. ಒಂದು ಕಡ್ಡಿ ತಗೊಂಡು ಆ ಪದರವನ್ನು ಮೆಲ್ಲಗೆ ಕೆದಕಿ. ಒಡೆದ ಗಾಜಿನ ಹಾಗೆ ಚೂರು ಚೂರಾಗಿ ದೂರ ಸರಿದು ಹಾಗೇ ನಿಂತರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ ಮಾಡಿದ ಪದರ, ಪಕ್ಕದಲ್ಲಿ ಸಾಮಾನ್ಯವಾಗಿ ತುಕ್ಕಿನ ಬಣ್ಣದ ಕೆಸರೂ ಇರುತ್ತದೆ. ಕಡ್ಡಿ ತೆಗೆದ ಕೂಡಲೇ ಸುರುಳಿ ಸುತ್ತಿಕೊಂಡು ಮತ್ತೆ ಒಂದಾದರೆ ಅದು ಪೆಟ್ರೋಲಿಯಂ ಎಣ್ಣೆ. ಹತ್ತು ಸೆಕೆಂಡಿನ ಕೆಲಸ. ಇದನ್ನು ಮಾಡದೆ ಬರೆದು, ಆಮೇಲೆ ಲ್ಯಾಬಿನಲ್ಲಿ ಎಣ್ಣೆ ಸೊನ್ನೆ ಬಂದರೆ ನಿಮ್ಮ ಉಳಿದ ಮಾತುಗಳ ಮೇಲೂ ನಂಬಿಕೆ ಹೋಗುತ್ತದೆ.

ಇದಾದ ಮೇಲೆ ಗೇಟಿಗೆ ಹೋಗಿ. ಗುರುತಿನ ಚೀಟಿ ತೋರಿಸಿ, ಯಾಕೆ ಬಂದಿದ್ದೀರಿ ಅಂತ ಒಂದೇ ಮಾತಿನಲ್ಲಿ ಹೇಳಿ, ಜೊತೆಗೆ ಬರಲು ಒಬ್ಬರನ್ನು ಕೇಳಿ. ಕಾಯಲು ಹೇಳಿದರೆ ಎಷ್ಟು ಗಂಟೆಗೆ ಬಂದಿರಿ, ಎಷ್ಟು ಗಂಟೆಗೆ ಒಳಗೆ ಬಿಟ್ಟರು ಅಂತ ಬರೆದುಕೊಳ್ಳಿ. ಒಳಗೆ ಬಿಡುವುದೇ ಇಲ್ಲ ಅಂದರೆ ಜಗಳ ಮಾಡಬೇಡಿ, ಹೆದರಿಸಲೂಬೇಡಿ. ಹೇಳಿದವರ ಹೆಸರು, ಹುದ್ದೆ, ಸಮಯ, ಅವರು ಆಡಿದ ಮಾತು ಅವರ ಪದಗಳಲ್ಲೇ ಬರೆದುಕೊಂಡು ಮೇಲಧಿಕಾರಿಗೆ ಫೋನ್ ಮಾಡಿ. ಮುಂದಿನದನ್ನು ಕಾನೂನು ನೋಡಿಕೊಳ್ಳುತ್ತದೆ. ಅವರ ಗಾಡಿ, ಅವರ ಉಡುಗೊರೆ ಯಾವುದೂ ಬೇಡ.

ಒಳಗೆ ಹೋದ ಮೇಲೆ ಮ್ಯಾನೇಜರ್‌ಗಿಂತ ಪ್ಲಾಂಟ್ ನಡೆಸುವ ಆಪರೇಟರ್ ಹತ್ತಿರ ಜಾಸ್ತಿ ಮಾತಾಡಿ. ಅವರಿಗೆ ಪ್ಲಾಂಟಿನ ನಾಡಿ ಗೊತ್ತಿರುತ್ತದೆ. "ಕರೆಂಟ್ ಹೋದಾಗ ಏನು ಮಾಡ್ತೀರಿ?", "ಜಾಸ್ತಿ ನೀರು ಬಂದಾಗ ಎಲ್ಲಿಗೆ ತಿರುಗಿಸ್ತೀರಿ?" ಅಂತ ಸಹಜವಾಗಿ ಕೇಳಿ. ತಪ್ಪು ಹಿಡಿಯಲು ಬಂದವರ ದನಿಯಲ್ಲಿ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಎಷ್ಟೋ ಕಡೆ ಆಪರೇಟರ್‌ಗೇ ಪ್ಲಾಂಟ್ ಸರಿಯಾಗಿ ಓಡಲಿ ಅನ್ನುವ ಆಸೆ ಇರುತ್ತದೆ, ಬಿಡಿಭಾಗ ಕೊಡಿಸುವವರು ಇರುವುದಿಲ್ಲ.

ಏರೇಶನ್ ಟ್ಯಾಂಕಿನ, ಅಂದರೆ ಗಾಳಿ ಊದಿ ಬ್ಯಾಕ್ಟೀರಿಯಾದಿಂದ ಕೊಳಚೆ ತಿನ್ನಿಸುವ ಟ್ಯಾಂಕಿನ, ಹತ್ತಿರ ಮೊದಲು ಕಣ್ಣು ಮೂಗು ಎರಡನ್ನೂ ಬಳಸಿ. ಆ ಬ್ಯಾಕ್ಟೀರಿಯಾ ತುಂಬಿದ ಕೆಸರು ಆರೋಗ್ಯವಾಗಿದ್ದರೆ ಚಾಕೊಲೇಟ್ ಕಂದು ಬಣ್ಣ ಇರುತ್ತದೆ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಕಪ್ಪಾಗಿದ್ದು ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಸಾಕಾಗುತ್ತಿಲ್ಲ ಅಂತ ಅರ್ಥ. ಬಿಳಿ ನೊರೆ ರಾಶಿ ಬಿದ್ದಿದ್ದರೆ ಕೆಸರು ಇನ್ನೂ ಎಳೆಯದು, ಇಲ್ಲ ಡಿಟರ್ಜೆಂಟ್ ಬರುತ್ತಿದೆ. ಆಮೇಲೆ ಒಂದು ಲೀಟರಿನ ಅಳತೆ ಜಾಡಿಯಲ್ಲಿ ಟ್ಯಾಂಕಿನ ನೀರು ತುಂಬಿಸಿ ಅಲುಗಾಡದ ಕಡೆ ಇಟ್ಟು 30 ನಿಮಿಷ ಬಿಡಿ. ಅಷ್ಟರಲ್ಲಿ ಉಳಿದ ಕಡೆ ಸುತ್ತಿ ಬನ್ನಿ. ವಾಪಸ್ ಬಂದಾಗ ಕೆಸರು ಕೆಳಗೆ ಕೂತು ಮೇಲೆ ತಿಳಿ ನೀರು ನಿಂತಿರಬೇಕು. ಅರ್ಧ ಗಂಟೆ ಆದರೂ ಕೆಸರು ಜಾಡಿಯ ಕಂಠದ ತನಕ ಹಾಗೇ ಇದ್ದರೆ ಮುಂದಿನ ತಿಳಿಗೊಳಿಸುವ ಟ್ಯಾಂಕಿನಿಂದ ಅದು ನೀರಿನ ಜೊತೆಗೇ ಹೊರಗೆ ಹೋಗುತ್ತಿದೆ ಅಂತ ಅನುಮಾನ ಪಡಿ, ಆ ಟ್ಯಾಂಕಿನ ಅಂಚಿಗೆ ಹೋಗಿ ನೋಡಿ.

ಒಂದು ಸಣ್ಣ ಉಪಕರಣದ ಬಗ್ಗೆ ಒತ್ತಿ ಹೇಳಬೇಕು, ಕಂಡಕ್ಟಿವಿಟಿ ಮೀಟರ್. ಅಂಗೈಯಲ್ಲಿ ಹಿಡಿಯುವಷ್ಟೇ ಇರುತ್ತದೆ. ನೀರಿನಲ್ಲಿ ಕರಗಿದ ಉಪ್ಪು ಎಷ್ಟಿದೆ ಅಂತ ಅದು ಹೇಳುತ್ತದೆ. ಬ್ಯಾಕ್ಟೀರಿಯಾ ಕೊಳಚೆಯನ್ನು ತಿನ್ನುತ್ತದೆ, ಉಪ್ಪನ್ನು ತಿನ್ನುವುದಿಲ್ಲ. ಹಾಗಾಗಿ ಪ್ಲಾಂಟಿಗೆ ಬರುವ ನೀರಿನಲ್ಲಿ ಎಷ್ಟು ಕಂಡಕ್ಟಿವಿಟಿ ಇದೆಯೋ ಹೊರಗೆ ಹೋಗುವುದರಲ್ಲೂ ಹೆಚ್ಚುಕಮ್ಮಿ ಅಷ್ಟೇ ಇರಬೇಕು. ಮಧ್ಯದಲ್ಲಿ ಆರ್‌ಒ ಥರದ ಉಪ್ಪು ತೆಗೆಯುವ ಯಂತ್ರ ಯಾವುದೂ ಇಲ್ಲದೆ ಕೊನೆಯಲ್ಲಿ ಅದು ಅರ್ಧಕ್ಕೆ ಇಳಿದಿದ್ದರೆ ಎಲ್ಲೋ ಶುದ್ಧ ನೀರು ಬೆರೆಸುತ್ತಿದ್ದಾರೆ ಅಂತ ಬಲವಾದ ಅನುಮಾನ ಪಡಬೇಕು. ಕೊನೆಯ ಟ್ಯಾಂಕಿಗೆ ಇಳಿಬಿಟ್ಟ ಒಂದು ಪೈಪನ್ನು ಹುಡುಕಿ. ಲೀಟರಿಗೆ ಇಷ್ಟು ಮಿ.ಗ್ರಾಂ ಅನ್ನುವ ಮಿತಿಯೊಳಗೆ ನೀರು ಬೆರೆಸಿಯೇ ಬಂದುಬಿಡಬಹುದು ಅಲ್ವಾ, ಅದಕ್ಕೇ ದಿನಕ್ಕೆ ಎಷ್ಟು ಕೆಜಿ ಹೋಯಿತು ಅಂತಲೂ ಲೆಕ್ಕ ಹಾಕಿ. ದಿನಕ್ಕೆ 500 ಘನ ಮೀಟರ್ ನೀರು, ಲೀಟರಿಗೆ 100 ಮಿ.ಗ್ರಾಂ ಅಂದರೆ 50 ಕೆಜಿ. ಅದೇ 50 ಕೆಜಿಯನ್ನು 1,000 ಘನ ಮೀಟರಿನಲ್ಲಿ ಬೆರೆಸಿದರೆ 50 ಮಿ.ಗ್ರಾಂ ಅಂತ ತೋರಿಸುತ್ತದೆ, ಆದರೆ ನದಿಗೆ ಹೋದದ್ದು ಅಷ್ಟೇ ಕೊಳೆ.

ನೀರಿನ ಪ್ರಮಾಣ ಅಳೆಯುವ ವಿ ಆಕಾರದ ಗಂಡಿ ಇದ್ದರೆ ಅದರಲ್ಲಿ ಕಸ ಸಿಕ್ಕಿಕೊಂಡಿದೆಯಾ ನೋಡಿ. ಆ ಗಂಡಿಯಲ್ಲಿ ನೀರಿನ ಎತ್ತರ ಎರಡು ಪಟ್ಟಾದರೆ ಹರಿವು ಐದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಅಳತೆಪಟ್ಟಿ ಒಂದು ಬೆರಳು ಮೇಲೆ ಕೆಳಗೆ ಆಗಿದ್ದರೂ ಲೆಕ್ಕ ಪೂರ್ತಿ ಕೆಡುತ್ತದೆ.

ಈಗ ಸ್ಯಾಂಪಲ್. ಇಲ್ಲಿ ನಿಧಾನವಾಗಿ ಕೆಲಸ ಮಾಡಿ, ಯಾರು ಎಷ್ಟೇ ಅವಸರ ಮಾಡಿದರೂ. ಬಾಟಲಿಗೆ ಲೇಬಲ್ ಮೊದಲು ಅಂಟಿಸಿ, ಆಮೇಲೆ ನೀರು ತುಂಬಿ. ನಾನು ಒಂದು ಸಲ ಮಳೆ ಬರುತ್ತಿದೆ ಅಂತ ಆರು ಬಾಟಲಿ ತುಂಬಿಕೊಂಡು ಗಾಡಿಯಲ್ಲಿ ಕೂತು ಲೇಬಲ್ ಹಚ್ಚಿದೆ. ಎರಡರ ಬಗ್ಗೆ ನನಗೇ ಗಟ್ಟಿ ಇರಲಿಲ್ಲ. ಆ ಎರಡನ್ನೂ ಬಿಟ್ಟು ಬರೆಯಬೇಕಾಯಿತು, ಮಿತಿ ದಾಟಿದ್ದು ಆ ಎರಡರಲ್ಲೇ ಇರಬಹುದು ಅನ್ನುವ ನೋವು ಇವತ್ತಿಗೂ ಇದೆ. ಪ್ರತಿ ಜಾಗಕ್ಕೂ ಹೊಸ ಕೈಗವಸು ಹಾಕಿ. ಬಾಟಲಿ ಬಾಯಿ ಹರಿವಿಗೆ ಎದುರಾಗಿರಲಿ, ಹರಿವಿನ ನಡುವಿನಿಂದ ತುಂಬಿ, ಗೋಡೆ ಕೆರೆಯಬೇಡಿ, ತಳದ ಹೂಳು ಕಲಕಬೇಡಿ. ಎಣ್ಣೆ ಜಿಡ್ಡಿನ ಪರೀಕ್ಷೆಗೆ ಗಾಜಿನ ಬಾಟಲಿಯೇ ಬೇಕು. ಅದನ್ನು ನೀರಿನಿಂದ ಜಾಲಾಡಿಸಬಾರದು, ಬಕೆಟ್ಟಿನಲ್ಲಿ ಹಿಡಿದು ಸುರಿಯಲೂಬಾರದು, ಜಿಡ್ಡು ಬಕೆಟ್ಟಿಗೇ ಅಂಟಿಕೊಂಡು ಉಳಿಯುತ್ತದೆ.

ಪಿಎಚ್ ಮತ್ತು ನೀರಿನಲ್ಲಿ ಉಳಿದಿರುವ ಕ್ಲೋರಿನ್ 15 ನಿಮಿಷದೊಳಗೆ ಅಲ್ಲೇ ಅಳೆಯಬೇಕು, ಲ್ಯಾಬಿಗೆ ಹೋಗುವಷ್ಟರಲ್ಲಿ ಬದಲಾಗಿಬಿಡುತ್ತವೆ. ಪಿಎಚ್ ಮೀಟರನ್ನು ಅವತ್ತೇ ಬೆಳಿಗ್ಗೆ 4, 7, 10ರ ಬಫರಿನಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಸರಿಹೊಂದಿಸಿ, ಆ ಸಮಯವನ್ನೂ ಬರೆದಿಡಿ. ಪಿಎಚ್ ಒಂದು ಅಂಕ ಬದಲಾದರೆ ಆಮ್ಲತೆ ಹತ್ತು ಪಟ್ಟು ಬದಲಾಯಿತು ಅಂತ ಅರ್ಥ, ಸಣ್ಣ ವ್ಯತ್ಯಾಸ ಅಂತ ಬಿಡುವ ಹಾಗಿಲ್ಲ. ಲ್ಯಾಬ್ ಸೇರುವ ತನಕ ನೀರು ಬದಲಾಗದಂತೆ, ಭಾರ ಲೋಹಗಳ ಪರೀಕ್ಷೆಯ ಬಾಟಲಿಗೆ ನೈಟ್ರಿಕ್ ಆಮ್ಲ, ಸಿಒಡಿ (ಕೊಳೆಯನ್ನು ರಾಸಾಯನಿಕದಿಂದ ಒಡೆಯಲು ಬೇಕಾಗುವ ಆಮ್ಲಜನಕ) ಮತ್ತು ಅಮೋನಿಯಾಕ್ಕೆ ಸಲ್ಫ್ಯೂರಿಕ್ ಆಮ್ಲ, ಎರಡೂ ಕಡೆ ಪಿಎಚ್ 2ಕ್ಕಿಂತ ಕೆಳಗೆ ಬರುವಷ್ಟು. ಬಿಒಡಿಗೆ ಆಮ್ಲ ಹಾಕಬೇಡಿ, ಅಲ್ಲಿ ಬ್ಯಾಕ್ಟೀರಿಯಾ ಬದುಕಿರಬೇಕು. ಎಲ್ಲವನ್ನೂ ಐಸಿನಲ್ಲಿ 6 ಡಿಗ್ರಿಗಿಂತ ಕೆಳಗಿಡಿ, ಹೆಪ್ಪುಗಟ್ಟಿಸಬೇಡಿ. ಕೋಲಿಫಾರ್ಮ್ (ಮಲ ಬೆರೆತಿದೆಯಾ ಅಂತ ತೋರಿಸುವ ಬ್ಯಾಕ್ಟೀರಿಯಾ) ಪರೀಕ್ಷೆಯ ಬಾಟಲಿ ಕೆಲವೇ ಗಂಟೆಯಲ್ಲಿ ಲ್ಯಾಬ್ ಸೇರಬೇಕು, ಬಿಒಡಿ 48 ಗಂಟೆಯೊಳಗೆ. ಐದು ದಿನದ ಬಿಒಡಿ ಪರೀಕ್ಷೆಯನ್ನು ಸೋಮವಾರ ಶುರು ಮಾಡಿದರೆ ಶನಿವಾರ ಓದಬೇಕು, ಮಂಗಳವಾರ ಶುರು ಮಾಡಿದರೆ ಭಾನುವಾರ. ಲ್ಯಾಬಿನವರು ಯಾವ ದಿನ ಇರುತ್ತಾರೆ ಅಂತ ಮೊದಲೇ ಕೇಳಿಕೊಂಡು ಹೊರಡಿ, ಇದನ್ನು ಯಾವ ತರಬೇತಿಯಲ್ಲೂ ನನಗೆ ಹೇಳಿಕೊಡಲಿಲ್ಲ.

ಪ್ಲಾಂಟಿನವರೂ ಅದೇ ನೀರಿನ ಒಂದು ಪಾಲು ಕೇಳಿದರೆ ಕೊಡಿ, ಅವರ ಎದುರಿಗೇ ಮುದ್ರೆ ಹಾಕಿ ಸಹಿ ತಗೊಳ್ಳಿ. ಸಹಿ ಹಾಕಲ್ಲ ಅಂದರೆ ಹಾಕಲಿಲ್ಲ ಅಂತ ಬರೆಯಿರಿ. ಬಾಟಲಿ ನಿಮ್ಮ ಕೈಯಿಂದ ಯಾರ ಕೈಗೆ, ಎಷ್ಟು ಗಂಟೆಗೆ ಹೋಯಿತು ಅನ್ನುವ ಚೀಟಿ ಲ್ಯಾಬಿನ ಬಾಗಿಲ ತನಕ ಜೊತೆಗಿರಬೇಕು. ಆ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಎಂಥ ಒಳ್ಳೆ ಫಲಿತಾಂಶವೂ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಈಗ ಫೈಲು ತರಿಸಿ. ನೀರು ನೋಡಿ ಬಂದಿದ್ದೀರಿ, ಆದ್ದರಿಂದ ಕಾಗದ ಓದುವ ರೀತಿಯೇ ಬೇರೆ ಆಗಿರುತ್ತದೆ. ಒಂದು ಕಡೆ ಲಾಗ್‌ಬುಕ್ಕಿನಲ್ಲಿ ಮೂರು ತಿಂಗಳು ಪಿಎಚ್ 7.2, 7.2, 7.2 ಅಂತಲೇ ಇತ್ತು, ಒಂದೇ ಪೆನ್ನು, ಒಂದೇ ಕೈಬರಹ, ಹಾಳೆಗೆ ಒಂದು ನೀರಿನ ಹನಿಯ ಕಲೆಯೂ ಇಲ್ಲ. ನಿಜವಾಗಿ ಪ್ಲಾಂಟಿನ ಹತ್ತಿರ ಬರೆದ ಪುಸ್ತಕ ಹಾಗಿರುವುದಿಲ್ಲ. ಬ್ಲೋವರಿನ ಗಂಟೆ ಮೀಟರನ್ನು ಲಾಗ್‌ಬುಕ್ ಜೊತೆ ಹೋಲಿಸಿ. ಕರೆಂಟ್ ಬಿಲ್ಲು, ಕೊಂಡ ಕೆಮಿಕಲ್ಲಿನ ಬಿಲ್ಲು ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ ಕೆಸರಿನ ಲೆಕ್ಕ ಕೇಳಿ. ಸಾಮಾನ್ಯ ಏರೇಶನ್ ಪ್ಲಾಂಟಿನಲ್ಲಿ ಒಂದು ಕೆಜಿ ಬಿಒಡಿ ತೆಗೆದರೆ ಸುಮಾರು ಅರ್ಧ ಕೆಜಿ ಒಣ ಕೆಸರು ಹುಟ್ಟಲೇಬೇಕು. ವರ್ಷವಿಡೀ ಪ್ಲಾಂಟ್ ಚೆನ್ನಾಗಿ ಓಡಿದೆ, ಕೆಸರು ಮಾತ್ರ ಹೊರಗೆ ಹೋಗಿಲ್ಲ ಅಂದರೆ ಅದು ನೀರಿನ ಜೊತೆ ಹೋಗಿದೆ, ಇಲ್ಲ ಪ್ಲಾಂಟೇ ಓಡಿಲ್ಲ.

ಮಳೆನೀರಿನ ಚರಂಡಿಯ ತಪಾಸಣೆ ಬೇರೆಯದೇ ಕೆಲಸ. ಹೆಚ್ಚಿನ ಕಡೆ ಈ ನೀರಿಗೆ ಸಂಸ್ಕರಣೆಯೇ ಇರುವುದಿಲ್ಲ, ನೆಲದ ಮೇಲೆ ಏನು ಬಿದ್ದಿದೆಯೋ ಅದು ನೇರ ಹಳ್ಳಕ್ಕೆ. ಇದಕ್ಕೆ ಎರಡು ದಿನ ಆರಿಸಿಕೊಳ್ಳಿ. ಒಂದು, ಮೂರು ದಿನ ಮಳೆ ಇಲ್ಲದ ದಿನ. ಅವತ್ತು ಮಳೆನೀರಿನ ಚರಂಡಿ ಒಣಗಿರಬೇಕು. ಹರಿಯುತ್ತಿದ್ದರೆ ಅಂತರ್ಜಲ ಜಿನುಗುತ್ತಿರಬಹುದು, ಇಲ್ಲ ಯಾರೋ ಒಳಚರಂಡಿ ಪೈಪನ್ನು ಇದಕ್ಕೆ ಜೋಡಿಸಿದ್ದಾರೆ. ಅಮೋನಿಯಾ, ಡಿಟರ್ಜೆಂಟ್, ನೀರಿನ ಬಿಸಿ ನೋಡಿ. ಬ್ಲೀಚ್ ಮಾಡದ, ಹೊಳಪಿನ ಪುಡಿ ತಾಗದ ಹತ್ತಿಯ ತುಂಡನ್ನು ಕೆಲವು ದಿನ ಅಲ್ಲಿ ಕಟ್ಟಿ ಬಿಟ್ಟು, ತೊಳೆದು ಒಣಗಿಸಿ, ಕತ್ತಲಲ್ಲಿ ಯುವಿ ದೀಪ ಹಿಡಿದರೆ ನೀಲಿಯಾಗಿ ಹೊಳೆಯಬಹುದು. ಬಟ್ಟೆ ಒಗೆಯುವ ಪುಡಿಯಲ್ಲಿನ ಹೊಳಪಿನ ರಾಸಾಯನಿಕ ಅದಕ್ಕೆ ಹಿಡಿದುಕೊಂಡಿದೆ ಅಂತ ಅರ್ಥ. ಆಮೇಲೆ ಒಂದೊಂದೇ ಮ್ಯಾನ್‌ಹೋಲ್ ಮುಚ್ಚಳ ತೆಗೆಸುತ್ತಾ ಮೇಲಕ್ಕೆ ಹೋಗಿ. ಯಾವ ಎರಡರ ನಡುವೆ ಹರಿವು ಶುರುವಾಗುತ್ತದೋ ಅಲ್ಲೇ ಕಳ್ಳ ಜೋಡಣೆ. ನೀರಿಗೆ ಬಣ್ಣ ಹಾಕಿ ಅದು ಎಲ್ಲಿ ಹೊರಬರುತ್ತದೆ ಅಂತ ಪರೀಕ್ಷೆ ಮಾಡುವುದಾದರೆ ಸುತ್ತಲಿನವರಿಗೆ ಮೊದಲೇ ತಿಳಿಸಿ, ಹಳ್ಳ ಹಸಿರಾದರೆ ಜನ ಗಾಬರಿ ಆಗುತ್ತಾರೆ.

ಎರಡನೆಯದು, ಮಳೆ ಬೀಳುವ ದಿನವೇ. ಹರಿವು ಶುರುವಾದ ಮೊದಲ ಅರ್ಧ ಗಂಟೆ ತುಂಬಾ ಮುಖ್ಯ, ನೆಲದ ಮೇಲೆ ಅಷ್ಟು ದಿನ ಕೂತಿದ್ದ ಕೊಳೆಯ ದೊಡ್ಡ ಪಾಲು ಆಗಲೇ ತೊಳೆದು ಬರುತ್ತದೆ. ಛಾವಣಿ ಇಲ್ಲದೆ ಇಟ್ಟ ಡ್ರಮ್ಮು, ಎಣ್ಣೆ ಟ್ಯಾಂಕಿನ ಸುತ್ತಲಿನ ಕಟ್ಟೆ ನೋಡಿ. ಆ ಕಟ್ಟೆ ಒಳಗಿನ ದೊಡ್ಡ ಟ್ಯಾಂಕಿನ 110 ಪರ್ಸೆಂಟ್ ಹಿಡಿಯಬೇಕು ಅನ್ನುವುದು ತುಂಬಾ ಕಡೆ ಇರುವ ನಿಯಮ, ಆದರೆ ಕಟ್ಟೆಯ ನೀರು ಬಿಡುವ ವಾಲ್ವ್ ತೆರೆದೇ ಇದ್ದರೆ ಕಟ್ಟೆ ಇದ್ದೂ ಇಲ್ಲದ ಹಾಗೆ. ಕಟ್ಟಡ ಕೆಲಸದ ಜಾಗದಲ್ಲಿ ಮಣ್ಣು ಕೊಚ್ಚಿ ಹೋಗುವುದನ್ನು ಎಲ್ಲರೂ ನೋಡುತ್ತಾರೆ, ಕಾಂಕ್ರೀಟ್ ಗಾಡಿ ತೊಳೆದ ನೀರನ್ನು ನೋಡುವವರು ಕಡಿಮೆ. ಅದರ ಪಿಎಚ್ 12ರ ಆಸುಪಾಸಿನಲ್ಲಿರುತ್ತದೆ, ಸಣ್ಣ ಹಳ್ಳದ ಮೀನು ಸಾಯಲು ಅಷ್ಟು ಸಾಕು.

ಇನ್ನು ನಿಮ್ಮ ಜೀವದ ಮಾತು, ಇದನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಮ್ಯಾನ್‌ಹೋಲಿಗೆ, ಮುಚ್ಚಿದ ಟ್ಯಾಂಕಿಗೆ ನೀವು ಇಳಿಯಬೇಡಿ, ಇನ್ನೊಬ್ಬರನ್ನೂ ಇಳಿಸಬೇಡಿ. ಸ್ಯಾಂಪಲ್ ಬೇಕಾದರೆ ಮೇಲಿನಿಂದ ಕೋಲಿಗೆ ಕಟ್ಟಿ ತೆಗೆಯಿರಿ. ಕೊಳಚೆಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಗ್ಯಾಸ್ ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ನಾತ ಬರುತ್ತದೆ, ಸುಮಾರು 100 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 100 ಪಾಲು) ದಾಟಿದರೆ ಮೂಗೇ ಸತ್ತುಹೋಗುತ್ತದೆ. ನಾತ ನಿಂತಿತು ಅಂದರೆ ಗ್ಯಾಸ್ ಹೋಯಿತು ಅಂತಲ್ಲ, ಅಪಾಯ ಜಾಸ್ತಿ ಆಗಿರಬಹುದು. ಒಳಗೆ ಬಿದ್ದವರನ್ನು ಎತ್ತಲು ಹಾಗೇ ಇಳಿದವರೂ ಸಾಯುತ್ತಾರೆ, ಇಂಥ ಸಾವು ಮತ್ತೆ ಮತ್ತೆ ಆಗುತ್ತಲೇ ಇದೆ. ಮುಚ್ಚಳ ತೆಗೆಯುವ ಕಡೆಯೆಲ್ಲ ಗ್ಯಾಸ್ ಮೀಟರ್ ಎದೆಗೆ ಸಿಕ್ಕಿಸಿಕೊಂಡಿರಿ. ಆಮ್ಲಜನಕ 19.5 ಪರ್ಸೆಂಟಿಗಿಂತ ಇಳಿದರೆ ಅಲ್ಲಿಂದ ದೂರ ಬನ್ನಿ. ಏರೇಶನ್ ಟ್ಯಾಂಕಿಗೆ ಬಾಗಬೇಡಿ, ಗಾಳಿ ಗುಳ್ಳೆ ತುಂಬಿದ ನೀರಿನಲ್ಲಿ ತೇಲುವುದು ತುಂಬಾ ಕಷ್ಟ, ಈಜು ಬಂದರೂ ನಂಬುವ ಹಾಗಿಲ್ಲ. ಹೆಪಟೈಟಿಸ್ ಎ, ಟೆಟನಸ್ ಲಸಿಕೆ ಬಗ್ಗೆ ಡಾಕ್ಟರ್ ಹತ್ತಿರ ಕೇಳಿ.

ವರದಿಯನ್ನು ಅವತ್ತೇ ಬರೆಯಿರಿ. ಕಂಡದ್ದನ್ನು ಬರೆಯಿರಿ, ಊಹೆಯನ್ನು ಬೇರೆ ಇಡಿ. "ವಿಷದ ನೀರು ಬಿಡುತ್ತಿದ್ದಾರೆ" ಅಂತ ಬರೆದರೆ ಒಬ್ಬ ವಕೀಲರು ಐದು ನಿಮಿಷದಲ್ಲಿ ಹರಿದು ಹಾಕುತ್ತಾರೆ. "ಬೆಳಿಗ್ಗೆ 10:40ಕ್ಕೆ 2ನೇ ಔಟ್‌ಲೆಟ್‌ನಿಂದ ಗಾಢ ನೀಲಿ ನೀರು ಬೀಳುತ್ತಿತ್ತು, ಪಿಎಚ್ 10.8, ಕೊಳವೆಯಿಂದ ಹದಿನೈದು ಹೆಜ್ಜೆ ಕೆಳಗಿನ ತನಕ ಬಣ್ಣ ಕಾಣುತ್ತಿತ್ತು, ಫೋಟೊ 4 ಮತ್ತು 5" ಅಂತ ಬರೆದರೆ ಯಾರೂ ಏನೂ ಮಾಡಲಾಗುವುದಿಲ್ಲ. ಒಂದು ಫೋಟೊ ದೂರದಿಂದ, ಒಂದು ಹತ್ತಿರದಿಂದ, ಹತ್ತಿರದ್ದರಲ್ಲಿ ಅಳತೆಗೆ ಒಂದು ಸ್ಕೇಲು ಇಡಿ. ಮಸುಕಾದ ಫೋಟೊವನ್ನೂ ಅಳಿಸಬೇಡಿ, ನಡುವೆ ಒಂದು ನಂಬರ್ ಕಾಣೆಯಾದರೆ ಯಾಕೆ ಅಂತ ಕೇಳುತ್ತಾರೆ. ಸರಿಯಾಗಿದ್ದದ್ದನ್ನೂ ಬರೆಯಿರಿ. ಹಳೆ ತಪ್ಪು ಸರಿಪಡಿಸಿದ್ದರೆ ಅದು ನಿಮ್ಮ ವರದಿಯಲ್ಲಿ ಕಾಣಬೇಕು, ಅದು ಅವರಿಗೆ ಸಲ್ಲಬೇಕಾದದ್ದು.

ಹೊರಡುವ ಮುಂಚೆ ಏನೇನು ಕಂಡಿತು ಅಂತ ಅವರಿಗೆ ಹೇಳಿ, ದಂಡ ಎಷ್ಟು, ಕೇಸು ಆಗುತ್ತಾ ಅಂತ ಮಾತ್ರ ಹೇಳಬೇಡಿ, ಅದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಬೂಟು ಅಲ್ಲೇ ತೊಳೆಯಿರಿ, ಒಂದು ಹಳ್ಳದ ಕಳೆ, ರೋಗ ಇನ್ನೊಂದಕ್ಕೆ ಹೋಗಬಾರದು. ಮರುಭೇಟಿಯ ದಿನವನ್ನು ಡೈರಿಯಲ್ಲಿ ಗುರುತು ಹಾಕಿಕೊಳ್ಳಿ, ಈ ಸಲ ಬೇರೆ ಹೊತ್ತಿಗೆ ಹೋಗಿ. ಬೆಳಿಗ್ಗೆ ಹೋಗಿದ್ದರೆ ರಾತ್ರಿ ಪಾಳಿಗೆ, ಬಿಸಿಲಲ್ಲಿ ಹೋಗಿದ್ದರೆ ಮಳೆಯಲ್ಲಿ. ಅವತ್ತೂ ಮೊದಲು ಹಳ್ಳಕ್ಕೇ ಇಳಿದು ಅದೇ ಕಲ್ಲನ್ನು ಎತ್ತಿ ನೋಡಿ.